ಮೂಗಿಗಿಂತ ಮೂಗುತಿ ಭಾರವೇ? ಕ್ಲೌಡ್‌ನಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್‌ನ ಲೆಕ್ಕ

2025ರ ಆಗಸ್ಟ್ 1ರಂದು ಎಡಬ್ಲ್ಯೂಎಸ್ ಲ್ಯಾಂಬ್ಡಾದ, ಅಂದರೆ ಫಂಕ್ಷನ್ ಎಂಬ ಸಣ್ಣ ಪ್ರೋಗ್ರಾಮನ್ನು ರಿಕ್ವೆಸ್ಟ್ ಬಂದಾಗಷ್ಟೇ ಓಡಿಸಿಕೊಡುವ ಅಮೆಜಾನ್‌ನ ಕ್ಲೌಡ್ ಸೇವೆಯ, ಬಿಲ್ ಹಾಕುವ ಪದ್ಧತಿಯಲ್ಲಿ ಒಂದು ಬದಲಾವಣೆ ಬಂತು. ಅಲ್ಲಿಯವರೆಗೆ ಜಿಪ್ ಫೈಲ್ ಮಾಡಿ ಏರಿಸಿದ, ಎಡಬ್ಲ್ಯೂಎಸ್‌ನದೇ ರನ್‌ಟೈಮ್ (ಕೋಡ್ ಓಡಿಸುವ ವ್ಯವಸ್ಥೆ) ಬಳಸುವ ಫಂಕ್ಷನ್‌ಗಳು ಎದ್ದು ಸಜ್ಜಾಗುವ ಹೊತ್ತಿಗೆ ದುಡ್ಡು ಕೊಡಬೇಕಾಗಿರಲಿಲ್ಲ. ರಿಕ್ವೆಸ್ಟ್ ಕೈಗೆತ್ತಿಕೊಂಡ ಮೇಲಷ್ಟೇ ಮೀಟರ್ ಓಡುತ್ತಿತ್ತು. ಆಟೊ ಸ್ಟ್ಯಾಂಡಿನಿಂದ ನಿಮ್ಮ ಮನೆ ಬಾಗಿಲವರೆಗೆ ಖಾಲಿ ಬಂದಿದ್ದಕ್ಕೆ ಆಟೊದವರು ಏನೂ ಕೇಳದಿದ್ದ ಹಾಗೆ. ಈಗ ಕೇಳುತ್ತಾರೆ. ಇನಿಟ್ ಎಂದು ಕರೆಯುವ ಆ ಹಂತವೂ ಬಿಲ್ಲಿಗೆ ಸೇರಿದೆ.

ಪೈಥಾನ್‌ನಲ್ಲೋ ಗೋ ಭಾಷೆಯಲ್ಲೋ ಸಣ್ಣ ಫಂಕ್ಷನ್ ಬರೆದವರಿಗೆ ಇದು ಗಮನಕ್ಕೂ ಬಂದಿರಲಿಕ್ಕಿಲ್ಲ. ಜಾವಾ ಮತ್ತು ಡಾಟ್‌ನೆಟ್ ಮಂದಿಗೆ ಮಾತ್ರ ತಟ್ಟಿತು. ಅವರ ಫಂಕ್ಷನ್ ಏಳುವ ಹೊತ್ತಿನಲ್ಲಿ ದೊಡ್ಡದೊಂದು ಫ್ರೇಮ್‌ವರ್ಕ್ ಎದ್ದು, ನೂರಾರು ಆಬ್ಜೆಕ್ಟ್‌ಗಳನ್ನು ಹುಡುಕಿ, ಒಂದಕ್ಕೊಂದು ಜೋಡಿಸಿ, ಆಮೇಲೆ ‘ಸಿದ್ಧ’ ಎನ್ನುತ್ತದೆ. ಆ ಜೋಡಣೆಗೇ ಡಿಪೆಂಡೆನ್ಸಿ ಇಂಜೆಕ್ಷನ್, ಚಿಕ್ಕದಾಗಿ ಡಿಐ, ಎಂಬ ಹೆಸರು. ಹೀಗಾಗಿ ‘ಕ್ಲೌಡ್‌ನಲ್ಲಿ ಡಿಐ ಬೇಕಾ, ಅದು ನಿಧಾನ ಅಲ್ಲವಾ’ ಎಂಬ ಹಳೆಯ ಜಗಳಕ್ಕೆ ಹೊಸ ಕಾರಣ ಸಿಕ್ಕಿದೆ. ನನ್ನ ಪ್ರಕಾರ ಈ ಜಗಳದಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟುಕೊಂಡು ಹೊಡೆದಾಡುತ್ತಿದ್ದೇವೆ.

ಮದುವೆ ಮನೆಯ ಅಡುಗೆ ಭಟ್ಟರನ್ನು ನೆನೆಸಿಕೊಳ್ಳಿ. ತೊಗರಿಬೇಳೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ವಾರ ಮುಂಚೆಯೇ ಸಾಮಾನಿನ ಪಟ್ಟಿ ಬರೆದು ಕೊಡುತ್ತಾರೆ, ತಂದಿಡುವುದು ಮನೆಯವರ ಕೆಲಸ. ಡಿಐ ಎಂದರೆ ಇಷ್ಟೇ. ಒಂದು ಕ್ಲಾಸ್ ತನಗೆ ಬೇಕಾದ ಡೇಟಾಬೇಸ್ ಸಂಪರ್ಕವನ್ನೋ ಪೇಮೆಂಟ್ ಕ್ಲೈಂಟನ್ನೋ ತಾನೇ ಸೃಷ್ಟಿಸಿಕೊಳ್ಳದೆ, ಕನ್‌ಸ್ಟ್ರಕ್ಟರಿನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್‌ನಲ್ಲಿ) ಪಟ್ಟಿ ಕೊಡುತ್ತದೆ. ಕರೆದವರು ತಂದುಕೊಡುತ್ತಾರೆ. 2004ರ ಜನವರಿಯಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಇದಕ್ಕೆ ಈ ಹೆಸರನ್ನು ಗಟ್ಟಿ ಮಾಡಿದರು, ಅದೇ ವರ್ಷ ಮಾರ್ಚ್‌ನಲ್ಲಿ ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನ 1.0 ಬಂತು. ಆಮೇಲಿನ ಕಥೆ ಬೆಂಗಳೂರಿನಲ್ಲಿ ಜಾವಾ ಕೆಲಸಕ್ಕೆ ಸಂದರ್ಶನ ಕೊಟ್ಟವರಿಗೆಲ್ಲ ಗೊತ್ತು. ‘ಐಓಸಿ (ಇನ್ವರ್ಷನ್ ಆಫ್ ಕಂಟ್ರೋಲ್, ಡಿಐಯ ಹಿಂದಿನ ತತ್ವ) ಎಂದರೇನು’ ಎಂಬ ಪ್ರಶ್ನೆ ತಪ್ಪಿಸಿಕೊಂಡು ಹೊರಬಂದವರು ಕಡಿಮೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪಟ್ಟಿ ಕೊಡುವುದಕ್ಕೆ ಖರ್ಚಿಲ್ಲ. ಕನ್‌ಸ್ಟ್ರಕ್ಟರಿಗೆ ಒಂದು ಆರ್ಗ್ಯುಮೆಂಟ್ ಹೆಚ್ಚಾಗಿ ಕೊಟ್ಟರೆ ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಬಾರದ ಕೆಲಸ. ಖರ್ಚಿರುವುದು ಸಾಮಾನು ಹೊಂದಿಸುವುದಕ್ಕೆ, ಅಂದರೆ ಎಲ್ಲ ಪಟ್ಟಿಗಳನ್ನು ಓದಿ, ಅಂಗಡಿ ಅಂಗಡಿ ಅಲೆದು, ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸುವ ಭಾವಮೈದನಿಗೆ. ಆ ಭಾವಮೈದನಿಗೆ ನಮ್ಮ ವೃತ್ತಿಯಲ್ಲಿ ಡಿಐ ಕಂಟೇನರ್ ಎನ್ನುತ್ತಾರೆ. (ಡಾಕರ್‌ನ ಕಂಟೇನರ್ ಬೇರೆ, ಇದು ಬೇರೆ. ಒಂದೇ ಮೀಟಿಂಗಿನಲ್ಲಿ ಎರಡರ ಮಾತೂ ಬಂದಾಗ ಆಗುವ ಗೊಂದಲವನ್ನು ಅನುಭವಿಸಿಯೇ ತಿಳಿಯಬೇಕು.) ಕಂಟೇನರ್ ಇಲ್ಲದೆಯೂ ಡಿಐ ಮಾಡಬಹುದು. ಮೇನ್ ಫಂಕ್ಷನ್‌ನಲ್ಲಿ ಕೈಯಾರೆ ಇಪ್ಪತ್ತು ಸಾಲು ಬರೆದು ಎಲ್ಲವನ್ನೂ ಜೋಡಿಸಿದರೂ ಅದು ಡಿಐಯೇ.

ಕಂಟೇನರ್ ಏಳುವಾಗ ಏನೇನು ಮಾಡುತ್ತದೆ? ಸ್ಪ್ರಿಂಗ್ ಮೇಲೆ ಕಟ್ಟಿದ ಸ್ಪ್ರಿಂಗ್ ಬೂಟನ್ನೇ ತೆಗೆದುಕೊಳ್ಳಿ. ಮೊದಲು ನಿಮ್ಮ ಪ್ಯಾಕೇಜುಗಳನ್ನೆಲ್ಲ ಜಾಲಾಡಿ ಅನೊಟೇಷನ್ (ಕೋಡಿಗೆ ಅಂಟಿಸಿದ ಗುರುತು ಚೀಟಿ) ಇರುವ ಕ್ಲಾಸ್‌ಗಳನ್ನು ಹುಡುಕುತ್ತದೆ. ಆಮೇಲೆ ಆಟೊ ಕಾನ್ಫಿಗರೇಷನ್: ಈ ಲೈಬ್ರರಿ ಇದೆಯೇ, ಆ ಪ್ರಾಪರ್ಟಿ ಕೊಟ್ಟಿದ್ದಾರೆಯೇ, ಇದ್ದರೆ ಇಂಥದ್ದು ಸೇರಿಸು ಎಂಬ ನೂರಾರು ಷರತ್ತುಗಳ ಪರಿಶೀಲನೆ. ಬಳಿಕ ಯಾವ ಬೀನ್ (ಕಂಟೇನರ್ ನೋಡಿಕೊಳ್ಳುವ ಆಬ್ಜೆಕ್ಟ್) ಯಾವುದನ್ನು ಅವಲಂಬಿಸಿದೆ ಎಂಬ ಲೆಕ್ಕ, ರಿಫ್ಲೆಕ್ಷನ್ (ಓಡುವ ಹೊತ್ತಿನಲ್ಲಿ ಕ್ಲಾಸಿನ ಒಳಗನ್ನು ತಡಕಿ ನೋಡುವುದು) ಮೂಲಕ ಒಂದೊಂದರ ಸೃಷ್ಟಿ, ಟ್ರಾನ್ಸಾಕ್ಷನ್‌ನಂಥವಕ್ಕೆ ಪ್ರಾಕ್ಸಿ ಎಂಬ ಮುಸುಕು ಹಾಕುವುದು. ಇದೆಲ್ಲ ಸರ್ವರ್ ಏಳುವಾಗ ಒಮ್ಮೆ ನಡೆಯುವ ಕೆಲಸ. 2004ರಲ್ಲಿ ಸರ್ವರ್ ಒಮ್ಮೆ ಎದ್ದರೆ ತಿಂಗಳುಗಟ್ಟಲೆ ಓಡುತ್ತಿತ್ತು. ಏಳುವುದಕ್ಕೆ ಎರಡು ನಿಮಿಷ ಹಿಡಿದರೂ ಯಾರೂ ಕೇಳುತ್ತಿರಲಿಲ್ಲ. ಅದು ಮದುವೆಯ ಅಡುಗೆ, ಒಂದು ವಾರ ಸಾಮಾನು ಹೊಂದಿಸಿ ಸಾವಿರ ಎಲೆ ಹಾಕುವ ವ್ಯವಹಾರ. ಕ್ಲೌಡ್ ಇದನ್ನು ದರ್ಶಿನಿ ಮಾಡಿತು. ಗಿರಾಕಿ ಬಂದ ಮೇಲೆ ಒಲೆ ಹಚ್ಚುವುದು, ಗಿರಾಕಿ ಹೋದರೆ ಆರಿಸುವುದು. 2014ರಲ್ಲಿ ಲ್ಯಾಂಬ್ಡಾ ಬಂದಾಗ ಅದರ ಆಕರ್ಷಣೆಯೇ ಅದು: ಬಳಸದಿದ್ದರೆ ಸೊನ್ನೆ ಖರ್ಚು. ಆದರೆ ಪ್ರತಿ ಗಿರಾಕಿಗೂ ಭಾವಮೈದ ಹೊಸದಾಗಿ ಬೇಳೆ ತರಲು ಹೊರಟರೆ?

ಹಾಗಾದರೆ ನಿಜವಾಗಿ ಎಷ್ಟು ನಷ್ಟ? ಬಾಯಿಮಾತು ಬಿಟ್ಟು ಒಂದು ಲೆಕ್ಕ ಹಾಕೋಣ. 1 ಜಿಬಿ ಮೆಮೊರಿಯ ಫಂಕ್ಷನ್, ತಿಂಗಳಿಗೆ ಹತ್ತು ಲಕ್ಷ ರಿಕ್ವೆಸ್ಟ್, ಒಂದೊಂದಕ್ಕೂ 100 ಮಿಲಿಸೆಕೆಂಡ್ ಕೆಲಸ. ಕೋಲ್ಡ್ ಸ್ಟಾರ್ಟ್, ಅಂದರೆ ರಿಕ್ವೆಸ್ಟ್ ಬಂದಾಗ ಫಂಕ್ಷನ್ ಹೊಸದಾಗಿ ಏಳಬೇಕಾಗುವುದು, ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಎಡಬ್ಲ್ಯೂಎಸ್ ಹೇಳುತ್ತದೆ. ನಾವು ಪೂರಾ ಒಂದು ಎಂದೇ ಹಿಡಿಯೋಣ. ಏಳಲು 3 ಸೆಕೆಂಡ್ ಎನ್ನೋಣ. ಕೆಲಸಕ್ಕೆ ಒಂದು ಲಕ್ಷ ಜಿಬಿ-ಸೆಕೆಂಡ್ (ಮೆಮೊರಿಯನ್ನು ಸೆಕೆಂಡಿನಿಂದ ಗುಣಿಸಿದ ಅಳತೆ), ಏಳುವುದಕ್ಕೆ ಮೂವತ್ತು ಸಾವಿರ. ವರ್ಜೀನಿಯಾ ರೀಜನ್‌ನ (ಡೇಟಾ ಸೆಂಟರ್‌ಗಳ ವಲಯದ) ದರ ಜಿಬಿ-ಸೆಕೆಂಡಿಗೆ 0.0000166667 ಡಾಲರ್. ಅಂದರೆ ಕೆಲಸಕ್ಕೆ 1.67 ಡಾಲರ್, ಏಳುವುದಕ್ಕೆ 50 ಸೆಂಟ್. ಶೇಕಡಾವಾರು ನೋಡಿದರೆ ಬಿಲ್ ಶೇ 30ರಷ್ಟು ಏರಿತು ಎಂದು ಹೌಹಾರಬಹುದು. ದುಡ್ಡಿನ ಲೆಕ್ಕದಲ್ಲಿ ಅದು ಒಂದು ಪ್ಲೇಟ್ ಇಡ್ಲಿ. ಅಷ್ಟೇ ಏಕೆ, ತಿಂಗಳಿಗೆ ನಾಲ್ಕು ಲಕ್ಷ ಜಿಬಿ-ಸೆಕೆಂಡ್ ಉಚಿತ ಇರುವುದರಿಂದ ಬೇರೇನೂ ಓಡಿಸದ ಖಾತೆಗೆ ಈ ಇಡ್ಲಿಯ ದುಡ್ಡೂ ಬೀಳುವುದಿಲ್ಲ. ತಿಂಗಳಿಗೆ ಐವತ್ತು ಕೋಟಿ ರಿಕ್ವೆಸ್ಟ್ ಬರುವ ಕಡೆ ಮಾತ್ರ ಅದೇ ಲೆಕ್ಕ 250 ಡಾಲರ್ ಆಗುತ್ತದೆ. ಆ ಮಟ್ಟದ ವ್ಯವಹಾರಕ್ಕೆ ಅದೂ ದೊಡ್ಡ ಮೊತ್ತವಲ್ಲ.

ಆದ್ದರಿಂದ ‘ಡಿಐ ಬಿಲ್ ಏರಿಸುತ್ತದೆ’ ಎಂಬ ವಾದ ನೇರ ರೂಪದಲ್ಲಿ ನಿಲ್ಲುವುದಿಲ್ಲ. ದುಡ್ಡು ಸೋರುವುದು ಬೇರೆ ದಾರಿಯಲ್ಲಿ. ಲ್ಯಾಂಬ್ಡಾದಲ್ಲಿ ಮೆಮೊರಿ ಹೆಚ್ಚಿಸಿದರಷ್ಟೇ ಸಿಪಿಯು ಹೆಚ್ಚು ಸಿಗುತ್ತದೆ, 1,769 ಎಂಬಿಗೆ ಒಂದು ಪೂರ್ತಿ ವರ್ಚುವಲ್ ಸಿಪಿಯು. ಏಳುವುದು ನಿಧಾನವಾಯಿತೆಂದು 512 ಎಂಬಿ ಸಾಕಾಗುವ ಫಂಕ್ಷನ್‌ಗೆ 2 ಜಿಬಿ ಕೊಟ್ಟುಬಿಡುತ್ತೇವೆ. ಕೆಲಸದ ಹೊತ್ತೂ ಅಷ್ಟೇ ಪ್ರಮಾಣದಲ್ಲಿ ಇಳಿದರೆ ಸರಿ. ಆದರೆ ಹೆಚ್ಚಿನ ಫಂಕ್ಷನ್‌ಗಳು ಕೆಲಸದ ಹೊತ್ತಿನಲ್ಲಿ ಮಾಡುವುದು ಡೇಟಾಬೇಸಿನ ಉತ್ತರಕ್ಕೆ ಕಾಯುವುದನ್ನು. ಸಿಪಿಯು ಎಷ್ಟಿದ್ದರೂ ಕಾಯುವ ಹೊತ್ತು ಕಮ್ಮಿಯಾಗುವುದಿಲ್ಲ, ನಾಲ್ಕು ಪಟ್ಟು ದರ ಮಾತ್ರ ಪ್ರತಿ ರಿಕ್ವೆಸ್ಟಿಗೂ ಬೀಳುತ್ತದೆ. ಇಲ್ಲವೇ ಪ್ರಾವಿಷನ್ಡ್ ಕನ್‌ಕರೆನ್ಸಿ ತೆಗೆದುಕೊಂಡು ಸದಾ ಹತ್ತು ಫಂಕ್ಷನ್‌ಗಳನ್ನು ಎಬ್ಬಿಸಿ ಕೂರಿಸುತ್ತೇವೆ. ಅಲ್ಲಿಗೆ ಸರ್ವರ್‌ಲೆಸ್ ಎಂಬ ಮಾತಿನ ಅರ್ಥವೇ ಹೋಯಿತು.

ಇನ್ನೊಂದು ನಷ್ಟ ಬಿಲ್ಲಿನಲ್ಲಿ ಕಾಣದ್ದು. ಮೇಲಿನ ಲೆಕ್ಕದಲ್ಲಿ ಹತ್ತು ಸಾವಿರ ರಿಕ್ವೆಸ್ಟ್‌ಗಳು ಮೂರು ಸೆಕೆಂಡ್ ಹೆಚ್ಚಾಗಿ ಕಾದಿವೆ. ಅವು ತಿಂಗಳು ಪೂರ್ತಿ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಲ್ಯಾಂಬ್ಡಾದ ಒಂದು ನಿದರ್ಶನ (ಇನ್‌ಸ್ಟನ್ಸ್, ಅಂದರೆ ಓಡುತ್ತಿರುವ ಒಂದು ಪ್ರತಿ) ಒಂದು ಹೊತ್ತಿಗೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುವುದು ರೂಢಿ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ತತ್ಕಾಲ್ ತೆರೆದಾಗಿನಂಥ ನೂಕುನುಗ್ಗಲು ಎದ್ದರೆ ಒಮ್ಮೆಗೇ ನೂರಾರು ಹೊಸ ನಿದರ್ಶನಗಳು ಏಳಬೇಕು. ಜನ ಹೆಚ್ಚು ಬಂದ ಹೊತ್ತಿಗೇ ಕಾಯುವವರೂ ಹೆಚ್ಚು. ಸರಾಸರಿ ಅಂಕಿ ಹಸಿರಾಗಿರುತ್ತದೆ, ಬೈಗುಳ ಬರುತ್ತಿರುತ್ತದೆ.

ಅಪ್ಲಿಕೇಷನ್‌ಗಳನ್ನು ಹಲವು ಯಂತ್ರಗಳಿಗೆ ಹಂಚಿ ಓಡಿಸುವ ಕುಬರ್ನೆಟೀಸ್‌ನಲ್ಲಿ ಇದೇ ಕಥೆ ಬೇರೆ ವೇಷದಲ್ಲಿದೆ. ಪಾಡ್ (ಅಲ್ಲಿ ಓಡುವ ಅಪ್ಲಿಕೇಷನ್ನಿನ ಒಂದು ಪ್ರತಿ) ಒಮ್ಮೆ ಎದ್ದರೆ ಗಂಟೆಗಟ್ಟಲೆ ಇರುತ್ತದೆ ನಿಜ. ಆದರೆ ಅದಕ್ಕೆ ಅರ್ಧ ಸಿಪಿಯು ಮಿತಿ ಹಾಕಿದ್ದರೆ, ಏಳುವಾಗ ಎರಡು ಮೂರು ಕೋರ್ ಬೇಡುವ ಜಾವಾ ಪ್ರೊಸೆಸ್ಸನ್ನು ಲಿನಕ್ಸ್ ಪ್ರತಿ 100 ಮಿಲಿಸೆಕೆಂಡಿನ ಅವಧಿಯಲ್ಲೂ ತಡೆದು ನಿಲ್ಲಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಆರು ಸೆಕೆಂಡಿಗೆ ಎದ್ದದ್ದು ಅಲ್ಲಿ ಅರ್ಧ ನಿಮಿಷದಷ್ಟು ಎಳೆಯುತ್ತದೆ. ಅಷ್ಟರಲ್ಲಿ ಜೀವ ಇದೆಯೇ ಎಂದು ಆಗಾಗ ನೋಡುವ ಲೈವ್‌ನೆಸ್ ಪ್ರೋಬ್ ‘ಸತ್ತಿದೆ’ ಎಂದು ತೀರ್ಮಾನಿಸಿ ಕೊಂದು ಮತ್ತೆ ಎಬ್ಬಿಸುತ್ತದೆ, ಅದು ಮತ್ತೆ ನಿಧಾನವಾಗಿ ಏಳಲು ತೊಡಗುತ್ತದೆ, ಮತ್ತೆ ಕೊಲೆ. ಈ ಪ್ರಹಸನ ಎಷ್ಟು ಸಾಮಾನ್ಯವಾಗಿತ್ತೆಂದರೆ ಏಳುವ ಹಂತಕ್ಕೆಂದೇ ಸ್ಟಾರ್ಟಪ್ ಪ್ರೋಬ್ ಎಂಬುದನ್ನು ಬೇರೆಯಾಗಿ ಸೇರಿಸಿದರು. 2020ರ ಡಿಸೆಂಬರಿನ 1.20 ಆವೃತ್ತಿಯಲ್ಲಿ ಅದು ಸ್ಥಿರವಾಯಿತು.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ: ಆ ಏಳುವ ಹೊತ್ತಿನಲ್ಲಿ ಜೋಡಣೆಯ ಪಾಲೆಷ್ಟು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ನಡೆಯುವುದು ಇಲ್ಲೇ. ಇದಕ್ಕೆ ಒಂದು ಒಳ್ಳೆಯ ಸಾಕ್ಷಿ 2025ರ ಮಾರ್ಚ್‌ನಲ್ಲಿ ಬಂದ ಜಾವಾ ಆವೃತ್ತಿ ಜೆಡಿಕೆ 24ರಲ್ಲಿದೆ. ಅದರ ಜೆಇಪಿ 483 ಎಂಬ ಪ್ರಸ್ತಾವ ಕ್ಲಾಸ್‌ಗಳನ್ನು ಓದಿ ಜೋಡಿಸಿಟ್ಟ ಸ್ಥಿತಿಯನ್ನು ಮೊದಲೇ ಒಂದು ಕ್ಯಾಶ್ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಸ್ಪ್ರಿಂಗ್ ಪೆಟ್‌ಕ್ಲಿನಿಕ್ ಎಂಬ ಮಾದರಿ ಅಪ್ಲಿಕೇಷನ್ ಏಳುವಾಗ ಸುಮಾರು 21,000 ಕ್ಲಾಸ್‌ಗಳನ್ನು ಲೋಡ್ ಮಾಡುತ್ತದೆ. ಹಳೆಯ ರೀತಿಯಲ್ಲಿ ಅದಕ್ಕೆ 4.486 ಸೆಕೆಂಡ್ ಬೇಕಿತ್ತು, ಕ್ಯಾಶ್ ಇಟ್ಟ ಮೇಲೆ 2.604. ಶೇ 42 ಇಳಿಕೆ, ಅದೂ ಒಂದು ಸಾಲು ಕೋಡ್ ಮುಟ್ಟದೆ, ಒಂದು ಬೀನ್ ತೆಗೆಯದೆ. ಅಂದರೆ ಡಿಐಯ ತಲೆಗೆ ಕಟ್ಟುತ್ತಿದ್ದ ಹೊತ್ತಿನಲ್ಲಿ ದೊಡ್ಡ ಭಾಗ ಜಾವಾ ಓಡಿಸುವ ಜೆವಿಎಂ ಕ್ಲಾಸ್‌ಗಳನ್ನು ಓದುವುದಕ್ಕೆ ಹೋಗುತ್ತಿತ್ತು. ಇಪ್ಪತ್ತೊಂದು ಸಾವಿರ ಕ್ಲಾಸ್ ಯಾಕೆ ಬೇಕಾಯಿತು ಎಂದು ಕೇಳಿದರೆ ಫ್ರೇಮ್‌ವರ್ಕ್ ತಲೆ ತಗ್ಗಿಸಬೇಕಾಗುತ್ತದೆ, ಆ ಮಾತು ಬೇರೆ.

ಉಳಿದ ಹೊತ್ತಿನಲ್ಲೂ ಕಳ್ಳ ಹೆಚ್ಚಾಗಿ ಕನ್‌ಸ್ಟ್ರಕ್ಟರಿನ ಒಳಗೇ ಕೂತಿರುತ್ತಾನೆ. ಆಬ್ಜೆಕ್ಟ್ ಹುಟ್ಟುವಾಗಲೇ ಡೇಟಾಬೇಸಿಗೆ ಹತ್ತು ಸಂಪರ್ಕ ತೆರೆಯುವುದು, ಸೀಕ್ರೆಟ್ ಮ್ಯಾನೇಜರಿಗೆ ಹೋಗಿ ಪಾಸ್‌ವರ್ಡ್ ತರುವುದು, ಸ್ಕೀಮಾ ಸರಿಯಿದೆಯೇ ನೋಡುವುದು. ಇವು ನೆಟ್‌ವರ್ಕ್ ಕೆಲಸಗಳು, ಒಂದೊಂದಕ್ಕೂ ಮಿಲಿಸೆಕೆಂಡುಗಟ್ಟಲೆ ಬೇಕು. ಮುಂಬೈ ರೀಜನ್‌ನಲ್ಲಿರುವ ಫಂಕ್ಷನ್ ವರ್ಜೀನಿಯಾದಲ್ಲಿಟ್ಟ ಕಾನ್ಫಿಗರೇಷನ್ ಓದಿದರೆ ಒಮ್ಮೆ ಹೋಗಿಬರುವುದಕ್ಕೇ ಸುಮಾರು 200 ಮಿಲಿಸೆಕೆಂಡ್. ಕಂಟೇನರನ್ನು ಕಿತ್ತೆಸೆದು ಕೈಯಾರೆ ಬರೆದರೂ ಈ ಹೊತ್ತು ಒಂದಿಷ್ಟೂ ಇಳಿಯುವುದಿಲ್ಲ. ಸ್ಪ್ರಿಂಗ್‌ನಲ್ಲಿ ಏಳುವ ಒಂದೊಂದು ಹೆಜ್ಜೆಗೂ ಎಷ್ಟು ಹಿಡಿಯಿತು ಎಂದು ತೋರಿಸುವ ಸೌಲಭ್ಯ 2020ರಿಂದಲೇ ಇದೆ. ಲ್ಯಾಂಬ್ಡಾದ ಲಾಗ್‌ನಲ್ಲಿ ಕೋಲ್ಡ್ ಸ್ಟಾರ್ಟ್ ಆದಾಗಲೆಲ್ಲ ‘ಇನಿಟ್ ಡ್ಯೂರೇಷನ್’ ಎಂದು ಅಚ್ಚಾಗುತ್ತದೆ. ಇವೆರಡನ್ನೂ ನೋಡದೆ ಡಿಐ ನಿಧಾನ ಎನ್ನುವವರ ಜೊತೆ ವಾದ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ರಿಕ್ವೆಸ್ಟ್ ಹೊತ್ತಿನ ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಾಟ್‌ನೆಟ್‌ನ ಕಂಟೇನರ್ ಮೊದಲ ಒಂದೆರಡು ಸಲ ರಿಫ್ಲೆಕ್ಷನ್ ಬಳಸಿ, ಆಮೇಲೆ ಹಿನ್ನೆಲೆಯಲ್ಲಿ ನೇರ ಕೋಡ್ ತಯಾರಿಸಿಕೊಳ್ಳುತ್ತದೆ. ಸ್ಪ್ರಿಂಗ್‌ನಲ್ಲಿ ಬೀನ್‌ಗಳು ರೂಢಿಯಂತೆ ಸಿಂಗಲ್‌ಟನ್‌ಗಳು (ಒಂದೊಂದಕ್ಕೂ ಒಂದೇ ಪ್ರತಿ), ಒಮ್ಮೆ ಸೃಷ್ಟಿಯಾದ ಮೇಲೆ ಹುಡುಕುವ ಕೆಲಸವೇ ಇಲ್ಲ. ಡೇಟಾಬೇಸಿನ ಒಂದು ಪ್ರಶ್ನೆಗೆ ಹಿಡಿಯುವ ಹೊತ್ತಿನ ಮುಂದೆ ಇವೆಲ್ಲ ಧೂಳು.

ಆದರೆ ಜೀವಿತಾವಧಿ ತಪ್ಪಿದರೆ ಧೂಳು ಕಣ್ಣಿಗೆ ಬೀಳುತ್ತದೆ. ಡಾಟ್‌ನೆಟ್‌ನಲ್ಲಿ ಒಂದು ಆಬ್ಜೆಕ್ಟನ್ನು ನೋಂದಾಯಿಸುವಾಗ ಅದು ಪ್ರೊಸೆಸ್ ಇರುವವರೆಗೂ ಒಂದೇ ಇರಬೇಕೋ, ರಿಕ್ವೆಸ್ಟಿಗೊಂದೋ, ಕೇಳಿದಾಗಲೆಲ್ಲ ಹೊಸದೋ ಎಂದು ಹೇಳಬೇಕು. ಒಂದೇ ಪದದ ವ್ಯತ್ಯಾಸ. ಎಚ್‌ಟಿಟಿಪಿ ಕ್ಲೈಂಟನ್ನು ರಿಕ್ವೆಸ್ಟಿಗೊಂದರಂತೆ ಹೊಸದಾಗಿ ಸೃಷ್ಟಿಸುವ ಅಪ್ಲಿಕೇಷನ್ ಟೆಸ್ಟಿನಲ್ಲಿ ಚೆನ್ನಾಗಿ ಓಡುತ್ತದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಆ್ಯಪ್ ಸರ್ವಿಸ್‌ಗೆ ಹೋದ ಮೇಲೆ ಒಂದು ನಿದರ್ಶನಕ್ಕೆ ಮೊದಲೇ ಮೀಸಲಾದ ಹೊರಹೋಗುವ ಪೋರ್ಟ್‌ಗಳು 128 ಮಾತ್ರ. ಮುಚ್ಚಿದ ಸಂಪರ್ಕಗಳೂ ಸ್ವಲ್ಪ ಹೊತ್ತು ಪೋರ್ಟ್ ಹಿಡಿದುಕೊಂಡೇ ಇರುತ್ತವೆ. ದಟ್ಟಣೆಯ ಹೊತ್ತಿಗೆ ಪೋರ್ಟ್ ಮುಗಿದು ಕರೆಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಸರಿ, ಸಿಂಗಲ್‌ಟನ್ ಮಾಡಿದರೆ? ಆಗ ಅದು ಹಳೆಯ ಡಿಎನ್‌ಎಸ್ ವಿಳಾಸವನ್ನೇ ಹಿಡಿದು ಕೂರುತ್ತದೆ. ಅತ್ತ ಸೇವೆ ಬೇರೆ ಯಂತ್ರಕ್ಕೆ ಹೋದರೂ ಇತ್ತ ಗೊತ್ತಾಗುವುದಿಲ್ಲ. 2018ರಲ್ಲಿ ಡಾಟ್‌ನೆಟ್ ಕೋರ್ 2.1 ಎಚ್‌ಟಿಟಿಪಿ ಕ್ಲೈಂಟ್ ಫ್ಯಾಕ್ಟರಿ ತಂದದ್ದು ಈ ಇಕ್ಕಟ್ಟಿಗೆ. ಒಳಗಿನ ಸಂಪರ್ಕ ಹಂಚಿಕೊಂಡಿರುತ್ತದೆ, ರೂಢಿಯಂತೆ ಎರಡು ನಿಮಿಷಕ್ಕೊಮ್ಮೆ ಬದಲಾಗುತ್ತದೆ.

ಈ ಉದಾಹರಣೆಯನ್ನು ಡಿಐ ವಿರೋಧಿಗಳೂ ಬಳಸುತ್ತಾರೆ, ನಾನು ಅದನ್ನು ಪರವಾಗಿಯೇ ಬಳಸುತ್ತೇನೆ. ಸಂಪರ್ಕ ಯಾರದು, ಎಷ್ಟು ಹೊತ್ತು ಬದುಕಬೇಕು ಎಂಬ ತೀರ್ಮಾನ ಒಂದೇ ಜಾಗದಲ್ಲಿದ್ದುದರಿಂದ ಒಂದು ಸಾಲು ಬದಲಿಸಿ ಸರಿಪಡಿಸಬಹುದಾಯಿತು. ‘ನ್ಯೂ’ ಎಂದು ಇನ್ನೂರು ಕಡೆ ಬರೆದಿದ್ದರೆ ಇನ್ನೂರು ಕಡೆ ಹುಡುಕಬೇಕಿತ್ತು. ಟೆಸ್ಟಿಂಗ್‌ನ ಲಾಭವಂತೂ ಕ್ಲೌಡ್‌ನಲ್ಲಿ ಇಮ್ಮಡಿ. ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹ ಎಸ್‌3ಗೆ ಬರೆಯುವ ಕ್ಲೈಂಟನ್ನು ಹೊರಗಿನಿಂದ ಕೊಡುವಂತಿದ್ದರೆ ಟೆಸ್ಟಿನಲ್ಲಿ ಮೆಮೊರಿಯಲ್ಲೇ ಇರುವ ನಕಲಿಯೊಂದನ್ನು ಕೊಟ್ಟು, ಇಂಟರ್‌ನೆಟ್ ಇಲ್ಲದ ಬಸ್ಸಿನಲ್ಲೂ ಸಾವಿರ ಟೆಸ್ಟ್ ಓಡಿಸಬಹುದು. ಇಲ್ಲದಿದ್ದರೆ ಪ್ರತಿ ಟೆಸ್ಟಿಗೂ ಕ್ಲೌಡ್ ಖಾತೆ, ಅನುಮತಿ, ಬಿಲ್. ಟೆಸ್ಟಿಗೆ ಖರ್ಚಾಗುವ ಎಂಜಿನಿಯರ್‌ಗಳ ಹೊತ್ತನ್ನು ಲೆಕ್ಕಕ್ಕೆ ಹಿಡಿಯದ ಪರ್ಫಾರ್ಮೆನ್ಸ್ ಚರ್ಚೆ ಅರ್ಧ ಚರ್ಚೆ.

ಹಾಗಾದರೆ ಜೋಡಣೆ ಇರಲಿ, ಅದರ ಹೊತ್ತನ್ನು ಬದಲಿಸೋಣ ಎಂದು ಹೊರಟವರ ಕಥೆ ಸ್ವಾರಸ್ಯಕರ. ಈ ಪಾಠವನ್ನು ಕ್ಲೌಡ್‌ಗಿಂತ ಮೊದಲು ಕಲಿತದ್ದು ಮೊಬೈಲ್. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಡಿಐ ಲೈಬ್ರರಿ ಗೈಸ್ ಆಧರಿಸಿದ ರೋಬೊಗೈಸ್ ಬಳಸಿದವರು, ರಿಫ್ಲೆಕ್ಷನ್‌ನಿಂದ ಆ್ಯಪ್ ತೆರೆಯುವುದು ತಡವಾಗುವುದನ್ನು ಕಂಡರು. 2012ರಲ್ಲಿ ಸ್ಕ್ವೇರ್ ಕಂಪನಿ ಡ್ಯಾಗರ್ ಎಂಬ ಲೈಬ್ರರಿ ಹೊರತಂದಿತು. ಗೂಗಲ್ ಅದನ್ನು ಮುಂದುವರಿಸಿ ಡ್ಯಾಗರ್ 2 ಮಾಡಿತು. ಕೋಡ್ ಕಂಪೈಲ್ ಆಗುವಾಗಲೇ ಪಟ್ಟಿಗಳನ್ನೆಲ್ಲ ಓದಿ, ಯಾವುದನ್ನು ಯಾವುದಕ್ಕೆ ಕೊಡಬೇಕು ಎಂಬ ಜಾವಾ ಕೋಡನ್ನು ಅದೇ ಬರೆದಿಡುತ್ತದೆ. ಫೋನಿನಲ್ಲಿ ಓಡುವಾಗ ಹುಡುಕಾಟವೇ ಇಲ್ಲ. ಏನಾದರೂ ಕೊರತೆಯಿದ್ದರೆ ಕಂಪೈಲ್ ಆಗುವುದೇ ಇಲ್ಲ, ರಾತ್ರಿ ಎರಡಕ್ಕೆ ಪ್ರೊಡಕ್ಷನ್‌ನಲ್ಲಿ ‘ಬೀನ್ ಸಿಗಲಿಲ್ಲ’ ಎಂಬ ಗೋಳೂ ಇಲ್ಲ. ಇದೇ ವಿಚಾರವನ್ನು 2018ರಲ್ಲಿ ಮೈಕ್ರೊನಾಟ್, 2019ರಲ್ಲಿ ರೆಡ್ ಹ್ಯಾಟ್‌ನ ಕ್ವಾರ್ಕಸ್ ಎಂಬ ಫ್ರೇಮ್‌ವರ್ಕ್‌ಗಳು ಸರ್ವರ್ ಬದಿಗೆ ತಂದವು. 2022ರ ನವೆಂಬರಿನಲ್ಲಿ ಸ್ಪ್ರಿಂಗ್ ಬೂಟ್ 3.0 ಕೂಡ ಗ್ರಾಲ್‌ವಿಎಂ ಬಳಸಿ ಇಡೀ ಅಪ್ಲಿಕೇಷನ್ನನ್ನು ಮೊದಲೇ ಯಂತ್ರಭಾಷೆಗೆ ಇಳಿಸುವ ದಾರಿ ತೆರೆಯಿತು.

ಅದೇ ತಿಂಗಳು ಎಡಬ್ಲ್ಯೂಎಸ್ ಇನ್ನೊಂದು ದಾರಿ ಹಿಡಿಯಿತು: ಸ್ನ್ಯಾಪ್‌ಸ್ಟಾರ್ಟ್. ನೀವು ಹೊಸ ಆವೃತ್ತಿ ಪ್ರಕಟಿಸಿದಾಗ ಅವರೇ ಒಮ್ಮೆ ಎಬ್ಬಿಸಿ, ಎದ್ದು ನಿಂತ ಸ್ಥಿತಿಯ ಮೆಮೊರಿಯನ್ನು ಫೋಟೊ ಹಿಡಿದಂತೆ ಉಳಿಸಿ, ಮುಂದೆ ಬೇಕಾದಾಗಲೆಲ್ಲ ಆ ಚಿತ್ರದಿಂದ ಜೀವ ಕೊಡುತ್ತಾರೆ. ಭಾವಮೈದ ಒಮ್ಮೆ ಅಲೆದರೆ ಸಾಕು. ಜಾವಾಕ್ಕೆ ಇದು ಉಚಿತ. ಆದರೆ ಇಲ್ಲೂ ಒಂದು ಮುಳ್ಳಿದೆ, ಮತ್ತದು ಡಿಐಯ ಸಿಂಗಲ್‌ಟನ್‌ಗೇ ಚುಚ್ಚುತ್ತದೆ. ಏಳುವಾಗ ಒಂದು ಯಾದೃಚ್ಛಿಕ ಸಂಖ್ಯೆಯನ್ನೋ ವಿಶಿಷ್ಟ ಗುರುತನ್ನೋ ಮಾಡಿಟ್ಟುಕೊಂಡ ಸಿಂಗಲ್‌ಟನ್ ಇದ್ದರೆ, ಆ ಫೋಟೊದಿಂದ ಎದ್ದ ನೂರು ನಿದರ್ಶನಗಳಲ್ಲೂ ಅದೇ ಗುರುತು. ಏಳುವಾಗ ತೆರೆದಿಟ್ಟ ಡೇಟಾಬೇಸ್ ಸಂಪರ್ಕವೂ ಫೋಟೊದಲ್ಲಿ ಜೀವಂತ, ವಾಸ್ತವದಲ್ಲಿ ಸತ್ತದ್ದು. ಚಿತ್ರ ತೆಗೆಯುವ ಮುನ್ನ ಮುಚ್ಚಿ, ಎದ್ದ ಮೇಲೆ ತೆರೆಯುವ ಕೋಡ್ ನೀವೇ ಬರೆಯಬೇಕು.

ಕಂಪೈಲ್ ಹೊತ್ತಿಗೇ ಜೋಡಿಸುವ ದಾರಿಯ ಬೆಲೆ ಇದಕ್ಕಿಂತ ಸೂಕ್ಷ್ಮ. ಹೀಗೆ ಯಂತ್ರಭಾಷೆಗೆ ಇಳಿಸಿದ ನೇಟಿವ್ ಇಮೇಜ್ ಕಟ್ಟಲು ನಿಮಿಷಗಟ್ಟಲೆ ಹೊತ್ತು ಮತ್ತು ಹಲವು ಜಿಬಿ ಮೆಮೊರಿ ಬೇಕು ಎಂಬುದು ಹೋಗಲಿ, ಅದು ಬಿಲ್ಡ್ ಸರ್ವರಿನ ತಲೆನೋವು. ದೀರ್ಘಕಾಲ ಓಡುವ ಸೇವೆಯಲ್ಲಿ ಜೆಐಟಿ ಕಂಪೈಲರ್ ಓಡುತ್ತಾ ಓಡುತ್ತಾ ಕಲಿತು ಮಾಡುವ ಸುಧಾರಣೆಗಳೂ ಇಲ್ಲಿ ಕೈತಪ್ಪುತ್ತವೆ. ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು. ಸ್ಪ್ರಿಂಗ್‌ನ ಮೊದಲೇ ಜೋಡಿಸುವ ವಿಧಾನದಲ್ಲಿ ಯಾವ ಬೀನ್‌ಗಳು ಇರಬೇಕು ಎಂಬುದು ಬಿಲ್ಡ್ ಹೊತ್ತಿಗೇ ನಿರ್ಧಾರವಾಗುತ್ತದೆ. ಒಂದೇ ಇಮೇಜನ್ನು ಟೆಸ್ಟಿಗೆ, ಸ್ಟೇಜಿಂಗಿಗೆ, ಪ್ರೊಡಕ್ಷನ್‌ಗೆ ಒಯ್ದು, ಪ್ರೊಫೈಲ್ (ಎಲ್ಲಿ ಓಡುತ್ತಿದ್ದೇವೆ ಎಂಬ ಸೆಟ್ಟಿಂಗ್) ಬದಲಿಸಿ ಬೇರೆ ಬೇರೆ ಬೀನ್ ಎಬ್ಬಿಸುತ್ತಿದ್ದ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಓಡುವ ಹೊತ್ತಿನಲ್ಲಿ ಮನಸ್ಸು ಬದಲಿಸುವ ಸ್ವಾತಂತ್ರ್ಯವನ್ನು ಕೊಟ್ಟು ವೇಗ ಕೊಂಡಂತಾಯಿತು. ಆ ಸ್ವಾತಂತ್ರ್ಯವನ್ನು ಎಷ್ಟು ತಂಡಗಳು ನಿಜವಾಗಿ ಬಳಸುತ್ತವೆ ಎಂದು ಕೇಳಿದರೆ ನನ್ನ ಅಂದಾಜು ಬಹಳ ಕಡಿಮೆ. ಬಳಸುವವರಿಗೆ ಮಾತ್ರ ಅದು ಜೀವಾಳ.

ಸೋಮಾರಿ ಆರಂಭದ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ಮೊದಲು ಒತ್ತುವ ಗುಂಡಿ ಅದು. ಸ್ಪ್ರಿಂಗ್ ಬೂಟ್ 2.2ರಿಂದ ಒಂದೇ ಪ್ರಾಪರ್ಟಿ ಹಾಕಿದರೆ ಬೀನ್‌ಗಳು ಬೇಕಾದಾಗಷ್ಟೇ ಹುಟ್ಟುತ್ತವೆ. ಏಳುವ ಹೊತ್ತಿನ ಅಂಕಿ ತಟ್ಟನೆ ಇಳಿಯುತ್ತದೆ, ಸ್ಲೈಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಮೊದಲ ಗಿರಾಕಿ ಬಂದಾಗ ಅದೇ ಕೆಲಸ ಅವನ ಕಣ್ಣೆದುರೇ ನಡೆಯುತ್ತದೆ. ಕಾನ್ಫಿಗರೇಷನ್ ತಪ್ಪಿದ್ದರೆ ಏಳುವಾಗ ಗೊತ್ತಾಗಬೇಕಾದದ್ದು ಆ ಬೀನ್ ಬೇಕಾದ ದಿನ ಗೊತ್ತಾಗುತ್ತದೆ. ಡೆವಲಪರ್‌ಗಳ ಲ್ಯಾಪ್‌ಟಾಪಿಗೆ ಇದು ಒಳ್ಳೆಯದು, ಪ್ರೊಡಕ್ಷನ್‌ಗೆ ನಾನು ಹಾಕುವುದಿಲ್ಲ.

ನನ್ನ ಸದ್ಯದ ರೂಢಿ ಹೀಗಿದೆ. ಕನ್‌ಸ್ಟ್ರಕ್ಟರಿನಲ್ಲಿ ಪಟ್ಟಿ ಕೊಡುವುದನ್ನು ಎಲ್ಲಿಯೂ ಬಿಡುವುದಿಲ್ಲ, ಐವತ್ತು ಸಾಲಿನ ಫಂಕ್ಷನ್‌ನಲ್ಲೂ. ಕಂಟೇನರ್ ಬೇಕೇ ಎಂಬುದಕ್ಕೆ ಎಣಿಕೆ ನೋಡುತ್ತೇನೆ. ಕ್ಯೂನಿಂದ ಒಂದು ಸಂದೇಶ ಓದಿ ಡೈನಮೊಡಿಬಿ ಡೇಟಾಬೇಸಿಗೆ ಬರೆಯುವ ಲ್ಯಾಂಬ್ಡಾದಲ್ಲಿ ಜೋಡಿಸಬೇಕಾದ ಆಬ್ಜೆಕ್ಟ್‌ಗಳು ಆರೋ ಏಳೋ. ಅದಕ್ಕೆ ಸ್ಪ್ರಿಂಗ್ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಅಲ್ಲಿ ಕೈಯಾರೆ ಬರೆದ ಜೋಡಣೆ, ಕ್ಲೈಂಟ್‌ಗಳು ಹ್ಯಾಂಡ್ಲರ್ (ರಿಕ್ವೆಸ್ಟ್ ನೋಡಿಕೊಳ್ಳುವ ಕೋಡ್) ಆಚೆ ಒಮ್ಮೆ ಮಾತ್ರ. ಇನ್ನೂರು ಬೀನ್‌ಗಳ, ದಿನವಿಡೀ ಓಡುವ ಆರ್ಡರ್ ಸೇವೆಗೆ ಸ್ಪ್ರಿಂಗೇ ಇರಲಿ, ಜೆಡಿಕೆಯ ಕ್ಯಾಶ್ ಸೇರಲಿ, ಪಾಡ್‌ಗೆ ಏಳುವಾಗ ಉಸಿರಾಡುವಷ್ಟು ಸಿಪಿಯು ಸಿಗಲಿ. ಕಷ್ಟವಿರುವುದು ಇವೆರಡರ ನಡುವಿನವಕ್ಕೆ. ಆರು ಆಬ್ಜೆಕ್ಟ್‌ಗಳಿಂದ ಶುರುವಾದ ಫಂಕ್ಷನ್ ಎರಡು ವರ್ಷದಲ್ಲಿ ನಲವತ್ತಕ್ಕೆ ಬೆಳೆದಿರುತ್ತದೆ, ಇಪ್ಪತ್ತು ಸಾಲಿನ ಮೇನ್ ಇನ್ನೂರು ಸಾಲಾಗಿರುತ್ತದೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ‘ಇದಕ್ಕೆ ಯಾಕೆ ಸರ್ ಸ್ಪ್ರಿಂಗ್ ಹಾಕಿಲ್ಲ?’ ಎಂದು ಕೇಳುತ್ತಾಳೆ. ಆ ಹೊತ್ತಿಗೆ ನಾನು ಡ್ಯಾಗರ್ ಕಡೆ ಕೈ ತೋರಿಸುತ್ತೇನೆ, ಅದರ ಎರರ್ ಮೆಸೇಜುಗಳನ್ನು ಒಂದು ವಾರ ಓದಿದ ಮೇಲೆ ಅವಳು ನನ್ನನ್ನು ಕ್ಷಮಿಸುತ್ತಾಳೋ ಇಲ್ಲವೋ.